ಗ್ರೀಕ್ ಚಿತ್ರ ಇರೋ ಫ್ರೆಂಚ್ ಪಿಂಗಾಣಿ ತಟ್ಟೆ, ಊಟಕ್ಕೆ ಬಳಸಬಹುದಾ?

ಕಾಳಿ_ದಂಡೆ (ಕಾರವಾರ):
ಮಾವ ಹಡಗಿನಲ್ಲಿದ್ದಾಗ ತಂದಿಟ್ಟ ಆರು ತಟ್ಟೆ ಅಟ್ಟ ಗುಡಿಸುವಾಗ ಸಿಕ್ಕಿವೆ. ಕಿತ್ತಳೆ ಬಣ್ಣದ ಮೇಲೆ ಕಪ್ಪು ಕುದುರೆ, ಈಟಿ ಹಿಡಿದ ಗಂಡಸರು, ಅಂಚಿಗೆ ಬಂಗಾರದ ಗೆರೆ. ಹಿಂದೆ ‘ಲಿಮೋಜ್, ಫ್ರಾನ್ಸ್’ ಅಂತ ಹಸಿರು ಮುದ್ರೆ. ಚಿತ್ರ ಮಾತ್ರ ಎರಡೂವರೆ ಸಾವಿರ ವರ್ಷ ಹಳೆಯ ಗ್ರೀಕ್ ಮಡಕೆಯದ್ದೇ! ಫ್ರಾನ್ಸಿನವರಿಗೂ ಗ್ರೀಕರಿಗೂ ಏನು ಸಂಬಂಧ? ಇದರಲ್ಲಿ ಬಂಗಡೆ ಸಾರು ಬಡಿಸಬಹುದಾ? ಅತ್ತೆ ಮುಟ್ಟಲೇಬೇಡ ಅಂತಾರೆ.

ಅಡಿಕೆ_ಚಪ್ಪರ (ಶಿರಸಿ):
ಸಂಬಂಧ ರಾಜರ ಕಾಲದ್ದು ಅಕ್ಕಾ. ಇಂಥ ಮಡಕೆಗಳು ಇಟಲಿಯ ಗೋರಿಗಳಲ್ಲಿ ರಾಶಿ ರಾಶಿ ಸಿಕ್ಕಿದ್ದರಿಂದ ಮೊದಲು ಅವನ್ನು ಎಟ್ರಸ್ಕನ್, ಅಂದರೆ ಇಟಲಿಯ ಒಂದು ಪ್ರಾಚೀನ ಜನಾಂಗದ್ದು, ಅಂತಲೇ ಕರೆಯುತ್ತಿದ್ದರು. ವಿವಾಂ ದೆನೋಂ ಎಂಬಾತ ಕೂಡಿಹಾಕಿದ್ದನ್ನು 1786ರಲ್ಲಿ ಫ್ರಾನ್ಸಿನ ರಾಜ 16ನೇ ಲೂಯಿ ಕೊಂಡ. ಅವು ಸೆವ್ರ್‌ನ ಪಿಂಗಾಣಿ ಕಾರ್ಖಾನೆಗೆ ಹೋದವು, ಕೆಲಸದವರು ನೋಡಿ ಕಲಿಯಲಿ ಅಂತ. ರಾಣಿ ಮಾರಿ ಆಂತ್ವಾನೆತ್‌ಗೆ ರಾಂಬುಯೆಯಲ್ಲಿ ಚಂದದ ಹಾಲಿನಮನೆ ಇತ್ತು, ಅದಕ್ಕಾಗಿ ಮರುವರ್ಷವೇ ಈ ಶೈಲಿಯ ಸೆಟ್ ಮಾಡಲು ಹಿಡಿದರು. ಅದರಲ್ಲೊಂದು ಬಟ್ಟಲು ಹೆಣ್ಣಿನ ಮೊಲೆಯ ಆಕಾರದ್ದು, ಕೆಳಗೆ ಮೇಕೆ ತಲೆಯ ಮೂರು ಕಾಲು. ನಗಬೇಡಿ, ಗ್ರೀಕರಲ್ಲೂ ಮಾಸ್ಟೋಸ್ ಅಂತ ಇಂಥದ್ದೇ ಬಟ್ಟಲಿತ್ತು.

ಆವೆ_ಹೊಗೆ (ಕುಮಟಾ):
ಚಿತ್ರ ಒಂದೇ, ಕೆಲಸ ಬೇರೆ. ಅಥೆನ್ಸಿನ ಮಡಕೆಯ ಕಪ್ಪು ಬಣ್ಣವೇ ಅಲ್ಲ, ಅದೂ ಮಣ್ಣೇ. ಕಬ್ಬಿಣದ ಅಂಶ ಇರುವ ಜೇಡಿಯನ್ನು ನುಣ್ಣಗೆ ಸೋಸಿ ಬಳಿಯುತ್ತಿದ್ದರು. ಆವೆಗೆ ಗಾಳಿ ಕಟ್ಟಿದರೆ ಇಡೀ ಮಡಕೆ ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟರೆ ಮೈ ಕೆಂಪಿಗೆ ತಿರುಗುತ್ತದೆ, ಬಳಿದ ಜಾಗ ಗಾಜಿನಂತೆ ಬಿಗಿದುಕೊಂಡಿರುವುದರಿಂದ ಕಪ್ಪಾಗಿಯೇ ಉಳಿಯುತ್ತದೆ. ನಿಮ್ಮದು ಬಿಳಿ ಪಿಂಗಾಣಿ, ಸುಮಾರು 1400 ಡಿಗ್ರಿಯಲ್ಲಿ ಸುಟ್ಟದ್ದು. ಲಿಮೋಜ್ ಹತ್ತಿರ ಅದಕ್ಕೆ ಬೇಕಾದ ಬಿಳಿ ಮಣ್ಣು 1768ರ ಸುಮಾರಿಗೆ ಸಿಕ್ಕಿತು. ಕಿತ್ತಳೆ, ಕಪ್ಪು ಎರಡೂ ಮೇಲೆ ಹಚ್ಚಿದ ಬಣ್ಣ.

ಮುರುಗಲು_ಸಿಪ್ಪೆ (ಅಂಕೋಲಾ):
ಬಂಗಡೆ ಸಾರು ಬೇಡವೇ ಬೇಡ! ಹೊಳಪಿನ ಮೇಲೆ ಹಚ್ಚಿದ ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಹುಳಿ ತಾಗಿದರೆ ಅದು ಊಟಕ್ಕೆ ಬಿಡುತ್ತದೆ. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿಯಿರಿ. ಚಿತ್ರ ಉಬ್ಬಿದಂತೆ ಕಂಡರೆ, ಉಗುರಿಗೆ ತಾಗಿದರೆ, ಬಣ್ಣ ಮೇಲೇ ಇದೆ ಅಂತ. ಬಂಗಾರದ ಗೆರೆ ಇರುವುದನ್ನು ಮೈಕ್ರೋವೇವ್‌ಗೆ ಹಾಕಬೇಡಿ, ಕಿಡಿ ಹಾರುತ್ತದೆ. ಹುಣಸೆ ಹಾಕಿ ತಿಕ್ಕಲೂಬೇಡಿ, ಹಿತ್ತಾಳೆ ಅಲ್ಲ ಅದು.

ಕಾಳಿ_ದಂಡೆ:
ಉಗುರಿಗೆ ತಾಗ್ತಾ ಇದೆ 🙁 ಸುಮ್ನೆ ಗೋಡೆಗೆ ಹಾಕೋಣ ಅಂದೆ. ಅತ್ತೆ ಅಂದರು, ಮೊಳೆ ಹೊಡೆದ ಮೇಲೆ ಧೂಳು ಒರೆಸೋದೂ ನೀನೇ.