ಆಲ್ಬಂ ಡಿಸೈನ್‌ಗೆ 8 ಜಿಬಿ ರ‍್ಯಾಮ್ ಸಾಕಾ?

ಪ್ರಶ್ನೆ, ದಾವಣಗೆರೆ: ಸರ್, ನಮ್ಮದು ಸಣ್ಣ ಸ್ಟುಡಿಯೋ. ಮದುವೆ ಆಲ್ಬಂ ನಾನೇ ಡಿಸೈನ್ ಮಾಡ್ತೀನಿ. 12×36 ಇಂಚಿನ ಶೀಟ್‌ಗೆ ಎಂಟ್ಹತ್ತು ಫೋಟೋ ಕೂರಿಸೋ ಹೊತ್ತಿಗೆ ಫೋಟೋಶಾಪ್ ಒದ್ದಾಡುತ್ತೆ. ಬ್ರಷ್ ಎಳೆದ ಮೇಲೆ ಗೆರೆ ತಡವಾಗಿ ಮೂಡುತ್ತೆ. 8 ಜಿಬಿ ರ‍್ಯಾಮ್ ಇದೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅಂತಾರೆ. ಏನು ಮಾಡಲಿ?

ಉತ್ತರ, ಕಂಪ್ಯೂಟರ್ ಸರ್ವಿಸ್: ಕಾರ್ಡ್‌ಗೆ ದುಡ್ಡು ಹಾಕೋ ಮುಂಚೆ ಒಂದು ನೋಡಿ. ಫೋಟೋಶಾಪ್ ಕಿಟಕಿಯ ಕೆಳಗಡೆ ಎಡಕ್ಕೆ ಪುಟ್ಟ ಬಾಣದ ಗುರುತು ಇರುತ್ತೆ. ಅದನ್ನ ಒತ್ತಿ ‘ಎಫಿಶಿಯೆನ್ಸಿ’ ಆರಿಸಿ. 100% ಇದ್ರೆ ರ‍್ಯಾಮ್ ಸಾಕಾಗ್ತಿದೆ. ಕೆಳಗಿಳಿದ್ರೆ ಕೆಲಸ ಡಿಸ್ಕ್‌ಗೆ ಹೋಗ್ತಿದೆ ಅಂತ ಅರ್ಥ. ರ‍್ಯಾಮ್ ಮುಂದೆ ಡಿಸ್ಕ್ ಬಹಳ ನಿಧಾನ.

ಲೆಕ್ಕ ಹೀಗೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ನಿಮ್ಮ ಶೀಟ್ ಅಂದ್ರೆ 10800×3600 ಪಿಕ್ಸೆಲ್. 8 ಬಿಟ್ ಬಣ್ಣದಲ್ಲಿ ಖಾಲಿ ಹಿನ್ನೆಲೆಯೇ ಸುಮಾರು 117 ಎಂಬಿ, 16 ಬಿಟ್ ಆದ್ರೆ ಅದರ ಎರಡರಷ್ಟು. 24 ಮೆಗಾಪಿಕ್ಸೆಲ್‌ನ ಒಂದೊಂದು ಫೋಟೋ ಬಿಚ್ಚಿದ್ರೆ 72 ಎಂಬಿ. ಸ್ಮಾರ್ಟ್ ಆಬ್ಜೆಕ್ಟ್ ಆಗಿ ತಂದ್ರೆ ಎಷ್ಟು ಚಿಕ್ಕದು ಮಾಡಿದ್ರೂ ಮೂಲ ಫೋಟೋ ಒಳಗೇ ಇರುತ್ತೆ. ಜೊತೆಗೆ ಅನ್‌ಡೂ ಹೆಜ್ಜೆಗಳು, ವಿಂಡೋಸ್, ಪಕ್ಕದಲ್ಲಿ ತೆರೆದ ಕ್ರೋಮ್. ಅಡೋಬಿಯವರೇ 8 ಜಿಬಿ ಕನಿಷ್ಠ, 16 ಇದ್ರೆ ಒಳ್ಳೇದು ಅಂತಾರೆ. ಆಲ್ಬಂ ಕೆಲಸಕ್ಕೆ ನಾನು 16ಕ್ಕಿಂತ ಕಮ್ಮಿ ಹೇಳೋದೇ ಇಲ್ಲ. ದಿನವಿಡೀ ಇದೇ ಕೆಲಸ ಅಂದ್ರೆ 32.

ಪ್ರಶ್ನೆ: ನೋಡಿದೆ ಸರ್, 64% ತೋರಿಸ್ತು! ಒಂದು ಸ್ಲಾಟ್ ಖಾಲಿ ಇದೆ.

ಉತ್ತರ: ಹಾಗಿದ್ರೆ ರ‍್ಯಾಮೇ ಹಾಕಿಸಿ. ರ‍್ಯಾಮ್‌ನಲ್ಲಿ ಪೀಳಿಗೆಗಳಿವೆ. ಇರೋದು ಡಿಡಿಆರ್4 ಆದ್ರೆ ಡಿಡಿಆರ್4ನೇ ಬೇಕು, ಡಿಡಿಆರ್5 ಆ ಸ್ಲಾಟ್‌ನಲ್ಲಿ ಕೂರೋದೇ ಇಲ್ಲ. ಈಗಿರೋ ರ‍್ಯಾಮ್ ಪಟ್ಟಿಯನ್ನ ಬಿಚ್ಚಿ ಅಂಗಡಿಗೆ ಒಯ್ದು, ಅದೇ ಸ್ಪೀಡಿನ ಇನ್ನೊಂದು 8 ಜಿಬಿ ಕೇಳಿ. ಎರಡೂ ಜೋಡಿಯಾಗಿ ಕೆಲಸ ಮಾಡ್ತಾವೆ. ಬರೋವರೆಗೂ ಕ್ರೋಮ್ ಮುಚ್ಚಿ, ಸ್ಕ್ರ್ಯಾಚ್ ಡಿಸ್ಕ್ (ರ‍್ಯಾಮ್ ಸಾಲದಾಗ ಫೋಟೋಶಾಪ್ ಬಳಸೋ ಡಿಸ್ಕ್) ವೇಗದ ಎಸ್‌ಎಸ್‌ಡಿಗೆ ಇಡಿ. ಸೆಟ್ಟಿಂಗ್‌ನಲ್ಲಿ ಫೋಟೋಶಾಪ್‌ಗೆ ಕೊಟ್ಟ ಮೆಮೊರಿ 70% ಇರೋದನ್ನ 100ಕ್ಕೆ ಎಳೀಬೇಡಿ, ವಿಂಡೋಸ್‌ಗೆ ಉಸಿರಾಡೋಕೆ ಜಾಗ ಇರಲ್ಲ.

ಪ್ರಶ್ನೆ, ಚಿತ್ರದುರ್ಗ: ಅಣ್ಣಾ, ನಾನು ಕೋಟೆಯ ಇಪ್ಪತ್ತು ಫೋಟೋ ಸೇರಿಸಿ ಪನೋರಮಾ ಮಾಡ್ತೀನಿ. 16 ಸಾಕಾ?

ಉತ್ತರ: 24 ಮೆಗಾಪಿಕ್ಸೆಲ್‌ನವು ಇಪ್ಪತ್ತು ಅಂದ್ರೆ 16 ಬಿಟ್‌ನಲ್ಲಿ ಹತ್ತಿರ ಹತ್ತಿರ 2.9 ಜಿಬಿ, ಅದೂ ಜೋಡಿಸೋಕೆ ಶುರು ಮಾಡೋ ಮುಂಚೆ. ಅಷ್ಟೂ ಲೇಯರ್, ಮಾಸ್ಕ್ ಸೇರಿದ್ರೆ 16 ಒದ್ದಾಡುತ್ತೆ, 32 ತಗೊಳ್ಳಪ್ಪ. ಸದ್ಯಕ್ಕೆ ಫೋಟೋಗಳನ್ನ ಅರ್ಧ ಸೈಜ್ ಮಾಡಿ ಜೋಡಿಸು. ಉದ್ದ ಅಗಲ ಎರಡೂ ಅರ್ಧ ಆದ್ರೆ ಮೆಮೊರಿ ಕಾಲು ಭಾಗಕ್ಕೆ ಇಳಿಯುತ್ತೆ. ಗೋಡೆಗೆ ಹಾಕೋ ಪ್ರಿಂಟ್‌ಗೆ ಆಗಲೂ ಬೇಕಾದಷ್ಟು ಪಿಕ್ಸೆಲ್ ಉಳಿದಿರುತ್ತೆ.