4–15 ಯಾರ ಲೆಕ್ಕಕ್ಕೆ? ಕಾಲೇಜು ಬಾಸ್ಕೆಟ್‌ಬಾಲ್‌ನ ಎರಡನೇ ಕುರ್ಚಿ

ಎಡಗೈ ಲೇಅಪ್:
ನಿನ್ನೆ ಮಗನ ಜೊತೆ ಕೂತು ಡ್ಯೂಕ್ ಯೂನಿವರ್ಸಿಟಿ ತಂಡದ ಹಳೇ ದಾಖಲೆ ನೋಡುತ್ತಿದ್ದೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ಅವನಿಗೆ ಪ್ರಾಣ. 1994–95ರ ಸಾಲಿಗೆ ಬಂದಾಗ ಬೆರಳಿಟ್ಟು ಕೇಳಿದ: "ಅಪ್ಪ, ಒಂದೇ ಸೀಸನ್‌ಗೆ ಇಬ್ಬರು ಕೋಚ್ ಯಾಕೆ?"

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಆ ಸೀಸನ್‌ಗೆ ಮುಂಚೆ ಹೆಡ್ ಕೋಚ್ ಮೈಕ್ ಶಶೆಫ್ಸ್ಕಿ, ಅಂದರೆ ಎಲ್ಲರ 'ಕೋಚ್ ಕೆ', ಬೆನ್ನಿನ ಆಪರೇಷನ್ ಮಾಡಿಸಿಕೊಂಡಿದ್ದರು. ಸರಿಯಾಗಿ ರೆಸ್ಟ್ ಮಾಡದೆ ಕೆಲಸಕ್ಕೆ ಬಂದರು. 12 ಪಂದ್ಯ ಆಗುವಷ್ಟರಲ್ಲಿ ಕೈಲಾಗದೆ ರಜೆ ಹಾಕಿದರು. ಅಲ್ಲಿಗೆ 9 ಗೆಲುವು, 3 ಸೋಲು. ಉಳಿದ 19 ಪಂದ್ಯ ಅಸಿಸ್ಟೆಂಟ್ ಪೀಟ್ ಗೊಡೆಟ್ ತಲೆಗೆ ಬಂತು. 4 ಗೆದ್ದರು, 15 ಸೋತರು. ಪುಸ್ತಕದಲ್ಲಿ 9–3 ಕೋಚ್ ಕೆ ಹೆಸರಿಗೆ, 4–15 ಗೊಡೆಟ್ ಹೆಸರಿಗೆ.

ಈಗ 2017ಕ್ಕೆ ಬನ್ನಿ. ಅದೇ ಕೋಚ್ ಕೆ, ಮತ್ತೆ ಬೆನ್ನಿನ ಆಪರೇಷನ್. ಜನವರಿಯಲ್ಲಿ 7 ಪಂದ್ಯ ಅಸಿಸ್ಟೆಂಟ್ ಜೆಫ್ ಕೇಪಲ್ ನಡೆಸಿದರು. 4 ಗೆಲುವು, 3 ಸೋಲು. ಇವು ಯಾರ ಲೆಕ್ಕಕ್ಕೆ ಹೋದವು? ಏಳಕ್ಕೆ ಏಳೂ ಕೋಚ್ ಕೆ ಲೆಕ್ಕಕ್ಕೆ.

ಮಗನಿಗೆ ಏನು ಹೇಳಬೇಕೋ ತೋಚಲಿಲ್ಲ. ತಂಡ ಮುಳುಗಿದಾಗ ಮಾತ್ರ ಅಸಿಸ್ಟೆಂಟ್ ಹೆಸರು ಪುಸ್ತಕಕ್ಕೆ ಬರುತ್ತದೆ ಅಂತ ನನಗನಿಸುತ್ತದೆ. ನೀವೇನಂತೀರಿ?

ಸುಮ್ನೆ ನೋಡ್ತೀನಿ:
ಎರಡೂ ಒಂದೇ ಥರದ ರಜೆ ಅಲ್ಲ ಸಾರ್. 1995ರಲ್ಲಿ ಅವರು ಸೀಸನ್ ಮುಗಿಯುವ ತನಕ ವಾಪಸ್ ಬರಲೇ ಇಲ್ಲ. 2017ರಲ್ಲಿ ಒಂದು ತಿಂಗಳ ಮಾತು. ಗೊಡೆಟ್ 15 ಗೆದ್ದಿದ್ದರೆ ಆ 15 ಕೂಡ ಅವರ ಹೆಸರಿಗೇ ಬರುತ್ತಿತ್ತು. ಇದರಲ್ಲಿ ಕುತಂತ್ರ ಹುಡುಕಬೇಡಿ.

ಎಡಗೈ ಲೇಅಪ್:
ಕುತಂತ್ರ ಅಂತ ನಾನೆಲ್ಲಿ ಹೇಳಿದೆ? ಆದರೆ ಇದನ್ನೂ ಕೇಳಿ. ಗೊಡೆಟ್ ಆಗ ತಗೊಳ್ಳುತ್ತಿದ್ದ ಸಂಬಳ ವರ್ಷಕ್ಕೆ 16 ಸಾವಿರ ಡಾಲರ್. ತಪ್ಪು ಓದಿಲ್ಲ ನೀವು. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ 1991ರಲ್ಲಿ ಖರ್ಚು ಇಳಿಸುತ್ತೇವೆ ಅಂತ ಒಂದು ನಿಯಮ ತಂದಿತು. ಬಾಸ್ಕೆಟ್‌ಬಾಲ್ ತಂಡದ ನಾಲ್ಕನೇ ಕೋಚ್‌ಗೆ ಕಾಲೇಜು ನಡೆಯುವ ತಿಂಗಳುಗಳಿಗೆ 12 ಸಾವಿರ, ಬೇಸಿಗೆಗೆ 4 ಸಾವಿರ, ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಆ ಹುದ್ದೆಗೆ 'ರಿಸ್ಟ್ರಿಕ್ಟೆಡ್ ಅರ್ನಿಂಗ್ಸ್ ಕೋಚ್' ಅಂತಲೇ ಹೆಸರು. ಈಗತಾನೆ ಕಾಲೇಜು ಮುಗಿಸಿದ ಹುಡುಗರು ಕಲಿಯಲಿ ಅಂತ ಮಾಡಿದ್ದಂತೆ. ಗೊಡೆಟ್ ಅದಕ್ಕೂ ಮುಂಚೆ ಆರ್ಮಿ ತಂಡಕ್ಕೆ ಹೆಡ್ ಕೋಚ್ ಆಗಿದ್ದವರು. 1991, 1992ರಲ್ಲಿ ಡ್ಯೂಕ್ ಚಾಂಪಿಯನ್ ಆದಾಗ ಬೆಂಚಿನಲ್ಲಿದ್ದವರು. ಅಂಥವರಿಗೆ ಹುಡುಗರ ಸಂಬಳ ಕೊಟ್ಟು, ಕೊನೆಗೆ ಇಡೀ ತಂಡ ಕೈಗಿಟ್ಟರು.

ಕಲ್ಲಳ್ಳಿ ಪಿ.ಟಿ. ಮೇಷ್ಟ್ರು:
ಅಯ್ಯೋ ಶಿವನೇ. ಅಷ್ಟು ದುಡ್ಡಿರೋ ದೇಶದಲ್ಲೂ ಹಿಂಗೇನಾ? ನಮ್ಮ ರಾಹುಲ್ ದ್ರಾವಿಡ್ ನೆನಪಾದರು. 2018ರಲ್ಲಿ 19ರೊಳಗಿನವರ ವಿಶ್ವಕಪ್ ಗೆದ್ದಾಗ ಬಿಸಿಸಿಐ ಅವರಿಗೆ 50 ಲಕ್ಷ, ಸಹಾಯಕರಿಗೆ 20 ಲಕ್ಷ ಅಂತ ಘೋಷಿಸಿತ್ತು. ಇಷ್ಟೊಂದು ವ್ಯತ್ಯಾಸ ಯಾಕೆ ಅಂತ ದ್ರಾವಿಡ್ ಕೇಳಿದರು. ಕೊನೆಗೆ ತಲಾ 25 ಲಕ್ಷ ಆಯಿತು. ತಮಗೆ ಕಮ್ಮಿಯಾದರೂ ಪರವಾಗಿಲ್ಲ ಅಂದರು, ಅದು ದೊಡ್ಡ ಮಾತು. ಆ 16 ಸಾವಿರದ ಕೋಚ್‌ಗಳು ಸುಮ್ಮನೆ ಕೂತರಾ?

ಜಂಪ್‌ಬಾಲ್ ಜಾನು:
ಇಲ್ಲ ಮೇಷ್ಟ್ರೇ, ಕೋರ್ಟಿಗೆ ಹೋದರು. ಬಾಸ್ಕೆಟ್‌ಬಾಲ್ ಕೋರ್ಟ್ ಅಲ್ಲ, ಇನ್ನೊಂದು. ಐದು ಜನ ಅಸಿಸ್ಟೆಂಟ್‌ಗಳು ಕೇಸ್ ಹಾಕಿದರು. ಕಾಲೇಜುಗಳೆಲ್ಲ ಒಟ್ಟು ಸೇರಿ ಸಂಬಳಕ್ಕೆ ಗೆರೆ ಎಳೆಯುವುದು ಪೈಪೋಟಿ ಕಾನೂನಿಗೆ ವಿರುದ್ಧ ಅಂತ 1998ರಲ್ಲಿ ಮೇಲಿನ ಕೋರ್ಟ್ ಕೂಡ ಹೇಳಿತು. 1999ರಲ್ಲಿ ಎನ್‌ಸಿಎಎ 5.45 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇವತ್ತು ಆಟಗಾರರಿಗೆ ದುಡ್ಡು ಸಿಗುವಂತಾಗಿದೆಯಲ್ಲ, ಆ ವಾದಕ್ಕೆ ಎಷ್ಟೋ ವರ್ಷ ಮುಂಚೆ ದಾರಿ ತುಳಿದವರಲ್ಲಿ ಈ ಅಸಿಸ್ಟೆಂಟ್‌ಗಳೂ ಇದ್ದಾರೆ. ಅವರ ಹೆಸರು ಯಾರಿಗೂ ನೆನಪಿಲ್ಲ, ಅದು ಬೇರೆ ವಿಷಯ.

ಬೆಣ್ಣೆದೋಸೆ ಡಂಕ್:
ಎಲ್ಲರೂ ಗೋಳಾಡುತ್ತಿದ್ದೀರಲ್ಲ, ಒಂದು ಪ್ರಶ್ನೆ. ಅಸಿಸ್ಟೆಂಟ್ ಕೋಚ್ ನಿಜಕ್ಕೂ ಮಾಡುವುದೇನು? ಟಿವಿಯಲ್ಲಿ ನೋಡಿದರೆ ಸೂಟ್ ಹಾಕಿಕೊಂಡು ಚಪ್ಪಾಳೆ ತಟ್ಟುತ್ತಿರುತ್ತಾರೆ ಅಷ್ಟೇ.

ಓಹಿಯೋ ಒಗ್ಗರಣೆ:
ದೋಸೆ ಅಣ್ಣ, ನಾನು ಎಂ.ಎಸ್. ಮಾಡುವಾಗ ಎರಡು ವರ್ಷ ಒಂದು ಸಣ್ಣ ಕಾಲೇಜು ತಂಡದಲ್ಲಿ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದೆ. ಹೆಸರಿಗೆ ಮ್ಯಾನೇಜರ್. ಕೆಲಸ ಅಂದರೆ ನೆಲ ಒರೆಸುವುದು, ಟವಲ್ ಒಗೆಯುವುದು, ಶೂಟ್ ಮಾಡುವವರಿಗೆ ಬಾಲ್ ಎತ್ತಿಕೊಡುವುದು. ಆದರೆ ಹತ್ತಿರದಿಂದ ನೋಡಿದೆ.

ಮುಂದೆ ಆಡುವ ಎದುರಾಳಿಗಳನ್ನು ಅಸಿಸ್ಟೆಂಟ್‌ಗಳು ಹಂಚಿಕೊಳ್ಳುತ್ತಿದ್ದರು. ಅದಕ್ಕೆ 'ಸ್ಕೌಟ್' ಅಂತಾರೆ. ಈ ಶನಿವಾರದ್ದು ನಿನ್ನ ಸ್ಕೌಟ್, ಬುಧವಾರದ್ದು ನನ್ನದು. ಸ್ಕೌಟ್ ಯಾರದೋ ಅವರು ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೋ ಪೂರ್ತಿ ನೋಡಬೇಕು. ರಾತ್ರಿ ಎರಡು ಗಂಟೆಗೆ ನಾನು ಕ್ಲಿಪ್ ಕತ್ತರಿಸುತ್ತಾ ಕೂತಿದ್ದರೆ ಪಕ್ಕದಲ್ಲಿ ಅಸಿಸ್ಟೆಂಟ್ ತಣ್ಣಗಾದ ಪಿಜ್ಜಾ ತಿನ್ನುತ್ತಾ, "ಹಿಂದೆ ಹೋಗು, ಇನ್ನೊಂದ್ಸಲ ಹಿಂದೆ ಹೋಗು" ಅನ್ನುತ್ತಿದ್ದರು.

ಒಂದು ಪಂದ್ಯ ಮರೆಯಲ್ಲ. ಕೊನೇ ನಿಮಿಷ, ನಾವು ಒಂದು ಪಾಯಿಂಟ್ ಮುಂದೆ. ಎದುರಾಳಿ ಕೋಚ್ ಎರಡು ಬೆರಳು ಎತ್ತಿ ಕಿವಿ ಮುಟ್ಟಿಕೊಂಡರು. ನಮ್ಮ ಅಸಿಸ್ಟೆಂಟ್ ಎದ್ದು ನಿಂತು, "ಮೂಲೆ! ಎಡಗಡೆ ಮೂಲೆ!" ಅಂತ ಕಿರುಚಿದರು. ನಮ್ಮ ಹುಡುಗ ಓಡಿ ಹೋಗಿ ನಿಂತ. ಪಾಸ್ ಅಲ್ಲಿಗೇ ಬಂತು, ಅವನ ಕೈಗೇ ಸಿಕ್ಕಿತು. ಪಂದ್ಯ ಗೆದ್ದೆವು. ಮಾರನೇ ದಿನ ಊರಿನ ಪೇಪರಿನಲ್ಲಿ ಹೆಡ್ ಕೋಚ್ ಫೋಟೋ. ಅಸಿಸ್ಟೆಂಟ್ ಬೇಜಾರು ಮಾಡಿಕೊಳ್ಳಲಿಲ್ಲ, ಆಗಲೇ ಮುಂದಿನ ಸ್ಕೌಟ್ ಶುರು ಮಾಡಿದ್ದರು.

ಎರಡನೇ ವರ್ಷದ ಕೊನೆಗೆ ಹೆಡ್ ಕೋಚ್‌ನ ತೆಗೆದರು. ಬೆಳಗ್ಗೆ ಸುದ್ದಿ ಬಂತು. ಸಂಜೆ ಅಷ್ಟೊತ್ತಿಗೆ ಮೂರೂ ಅಸಿಸ್ಟೆಂಟ್‌ಗಳು ರಟ್ಟಿನ ಡಬ್ಬಕ್ಕೆ ಸಾಮಾನು ತುಂಬುತ್ತಿದ್ದರು. ಒಬ್ಬರ ಹೆಂಡತಿಗೆ ಆಗ ಏಳು ತಿಂಗಳು. ಅವರನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ, ಹೊಸಬರು ಬಂದರೆ ತಮ್ಮವರನ್ನೇ ತರುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು ಅಷ್ಟೇ.

ಬೆಣ್ಣೆದೋಸೆ ಡಂಕ್:
ಸರಿ, ಚಪ್ಪಾಳೆ ಮಾತು ವಾಪಸ್ ತಗೊಂಡೆ.

ಸುಮ್ನೆ ನೋಡ್ತೀನಿ:
ಕಷ್ಟದ ಕೆಲಸ ಅನ್ನೋದು ಒಪ್ಪಿದೆ. ಆದರೆ ಕಾದವರಿಗೆ ಸಿಕ್ಕಿದೆ ಅಲ್ವಾ? ನಾರ್ತ್ ಕ್ಯಾರೊಲಿನಾದ ಬಿಲ್ ಗತ್ರಿಜ್ 30 ವರ್ಷ ಹೆಡ್ ಕೋಚ್ ಡೀನ್ ಸ್ಮಿತ್ ಪಕ್ಕದಲ್ಲಿ ಕೂತಿದ್ದರು. 1997ರಲ್ಲಿ, 60ನೇ ವಯಸ್ಸಿನಲ್ಲಿ ಹೆಡ್ ಕೋಚ್ ಆದರು. ಮೂರೇ ಸೀಸನ್, ಅದರಲ್ಲಿ ಎರಡು ಸಲ ಕೊನೇ ನಾಲ್ಕರ ಘಟ್ಟಕ್ಕೆ ತಂಡ ಹೋಯಿತು.

ಸ್ಟೀವ್ ಫಿಶರ್ ಕಥೆ ಇನ್ನೂ ಮಜಾ. 1989ರಲ್ಲಿ ಮಿಷಿಗನ್‌ನಲ್ಲಿ ಅಸಿಸ್ಟೆಂಟ್. ರಾಷ್ಟ್ರೀಯ ಟೂರ್ನಿ ಶುರುವಾಗುವ ಹೊಸ್ತಿಲಲ್ಲಿ ಹೆಡ್ ಕೋಚ್ ಬಿಲ್ ಫ್ರೀಡರ್, "ನಾನು ಅರಿಜೋನಾ ಸ್ಟೇಟ್‌ಗೆ ಹೋಗ್ತೀನಿ" ಅಂದರು. ಕ್ರೀಡಾ ನಿರ್ದೇಶಕ ಬೋ ಶೆಂಬೆಕ್ಲರ್‌ಗೆ ಸಿಟ್ಟು ಬಂತು. ಹೋಗುವವರು ಈಗಲೇ ಹೋಗಲಿ ಅಂತ ತಂಡವನ್ನು ಫಿಶರ್ ಕೈಗೆ ಕೊಟ್ಟರು. ಫಿಶರ್ ಆರಕ್ಕೆ ಆರೂ ಪಂದ್ಯ ಗೆದ್ದರು. ಫೈನಲ್‌ನಲ್ಲಿ ಸೀಟನ್ ಹಾಲ್ ಮೇಲೆ ಓವರ್‌ಟೈಮ್‌ನಲ್ಲಿ 80–79. ಚಾಂಪಿಯನ್ ಆದ ಮೇಲೆ ಕೆಲಸ ಖಾಯಂ ಆಯಿತು!

ಅದೇ ಫಿಶರ್ ಪಕ್ಕದಲ್ಲಿ, ಮಿಷಿಗನ್‌ನಲ್ಲೂ ಆಮೇಲೆ ಸ್ಯಾನ್ ಡಿಯಾಗೋ ಸ್ಟೇಟ್‌ನಲ್ಲೂ ಸೇರಿ 27 ವರ್ಷ ಅಸಿಸ್ಟೆಂಟ್ ಆಗಿದ್ದವರು ಬ್ರಯನ್ ಡಚರ್. 2017ರಲ್ಲಿ 57ನೇ ವಯಸ್ಸಿಗೆ ಕುರ್ಚಿ ಸಿಕ್ಕಿತು. 2023ರಲ್ಲಿ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋದರು. ತಾಳಿದವನು ಬಾಳಿಯಾನು ಅಂತಾರಲ್ಲ, ಸುಳ್ಳಲ್ಲ.

ಎಡಗೈ ಲೇಅಪ್:
ತಾಳಿದವರಲ್ಲಿ ಬಾಳಿದವರ ಹೆಸರಷ್ಟೇ ಹೇಳುತ್ತಿದ್ದೀರಿ. ಮೈಕ್ ಹಾಪ್ಕಿನ್ಸ್ ಗೊತ್ತಲ್ಲ? ಸಿರಾಕ್ಯೂಸ್‌ನಲ್ಲೇ ಆಡಿದವರು, ಅಲ್ಲೇ ಇಪ್ಪತ್ತು ವರ್ಷಕ್ಕೂ ಮೇಲೆ ಅಸಿಸ್ಟೆಂಟ್. 2015ರಲ್ಲಿ ಯೂನಿವರ್ಸಿಟಿಯೇ, "ಹೆಡ್ ಕೋಚ್ ಜಿಮ್ ಬೋಹೈಮ್ ಆದಮೇಲೆ ಇವರೇ" ಅಂತ ಘೋಷಿಸಿತು. ಅದೇ ವರ್ಷ ಬೋಹೈಮ್‌ಗೆ 9 ಪಂದ್ಯ ಅಮಾನತು ಆದಾಗ ತಂಡ ನಡೆಸಿದ್ದೂ ಇವರೇ. 4–5 ಆಯಿತು, ಅದು ಮಾತ್ರ ಇವರ ಹೆಸರಿಗೇ ಬಂತು ನೋಡಿ! ಕೊನೆಗೆ 2017ರಲ್ಲಿ ಹಾಪ್ಕಿನ್ಸ್ ವಾಷಿಂಗ್ಟನ್ ಯೂನಿವರ್ಸಿಟಿಗೆ ಹೊರಟರು. ಬೋಹೈಮ್ ಕುರ್ಚಿ ಬಿಟ್ಟಿದ್ದು 2023ರಲ್ಲಿ.

ಸುಮ್ನೆ ನೋಡ್ತೀನಿ:
ವಾಷಿಂಗ್ಟನ್‌ಗೆ ಹೋಗಿ ಮೊದಲ ಎರಡು ವರ್ಷವೂ ತಮ್ಮ ಲೀಗ್‌ನ ವರ್ಷದ ಕೋಚ್ ಅನಿಸಿಕೊಂಡರಲ್ಲ. ಅಲ್ಲಿ ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಎಡಗೈ ಲೇಅಪ್:
ಹೌದು. 2024ರಲ್ಲಿ ಅಲ್ಲಿಂದ ತೆಗೆದದ್ದೂ ಹೌದು. ಹೆಡ್ ಕೋಚ್ ಆದರೆ ಕೆಲಸ ಗಟ್ಟಿ ಅಂತೇನೂ ಇಲ್ಲ.

ಜಂಪ್‌ಬಾಲ್ ಜಾನು:
ನೀವಿಬ್ಬರೂ ಒಂದು ವಿಷಯ ಆಗಲೇ ಒಪ್ಪಿಕೊಂಡುಬಿಟ್ಟಿದ್ದೀರಿ, ನನಗೆ ಅದೇ ತಕರಾರು. ಹೆಡ್ ಕೋಚ್ ಆಗಲೇಬೇಕು, ಇಲ್ಲದಿದ್ದರೆ ಬಾಳು ವೇಸ್ಟು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಮಹಿಳಾ ತಂಡದ ಅಸಿಸ್ಟೆಂಟ್ ಕ್ರಿಸ್ ಡೇಲಿ 1985ರಿಂದ ಹೆಡ್ ಕೋಚ್ ಜೀನೋ ಆರಿಯೆಮ್ಮಾ ಪಕ್ಕದಲ್ಲೇ ಇದ್ದಾರೆ. 12 ರಾಷ್ಟ್ರೀಯ ಪ್ರಶಸ್ತಿ, ಹನ್ನೆರಡರಲ್ಲೂ ಅವರಿದ್ದಾರೆ. 2018ರಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅವರನ್ನು 'ಕಾಯುತ್ತಾ ಕೂತವರು' ಅಂತ ಯಾರಾದರೂ ಅಂದರೆ ನನಗೆ ನಗು ಬರುತ್ತದೆ.

ಮಹಿಳಾ ಕೋಚ್‌ಗಳ ಸಂಘ ಅಸಿಸ್ಟೆಂಟ್‌ಗಳಿಗೇ ಅಂತ ಒಂದು ಪ್ರಶಸ್ತಿ ಇಟ್ಟಿದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1996ರಿಂದ ಬ್ರಾಯ್ಲ್ಸ್ ಪ್ರಶಸ್ತಿ ಇದೆ. ಪುರುಷರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಅಷ್ಟು ಹೆಸರಿನ ಪ್ರಶಸ್ತಿ ಅಸಿಸ್ಟೆಂಟ್‌ಗೆ ಇಲ್ಲ. ದುಡ್ಡಿಗಿಂತ ಇದು ಮೊದಲು ಆಗಬೇಕು.

ಓಹಿಯೋ ಒಗ್ಗರಣೆ:
ಪ್ರಶಸ್ತಿ ಬೇಕು ಅಕ್ಕ, ಇಲ್ಲ ಅನ್ನಲ್ಲ. ಆದರೆ ಮೊದಲು ಎರಡು ವರ್ಷದ್ದಾದರೂ ಕಾಂಟ್ರಾಕ್ಟ್ ಕೊಡಲಿ. ಆ ರಟ್ಟಿನ ಡಬ್ಬ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಲ್ಲಳ್ಳಿ ಪಿ.ಟಿ. ಮೇಷ್ಟ್ರು:
ತಪ್ಪಾದಾಗ ಹೊಣೆ ಯಾರ ತಲೆಗೆ ಬರುತ್ತೆ ಅನ್ನೋದನ್ನೂ ನೋಡಬೇಕು. ನಮ್ಮ ಕಾಲೇಜಿನಲ್ಲಿ ಕಪ್ ಗೆದ್ದರೆ ವೇದಿಕೆ ಮೇಲೆ ಪ್ರಿನ್ಸಿಪಾಲರು, ನೆಟ್ ಹರಿದರೆ ಪಿ.ಟಿ. ಮೇಷ್ಟ್ರು.

ಜಂಪ್‌ಬಾಲ್ ಜಾನು:
ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದರು. 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಲಂಚದ ಕೇಸಿನಲ್ಲಿ ನಾಲ್ಕು ಕಾಲೇಜುಗಳ ನಾಲ್ಕು ಕೋಚ್‌ಗಳನ್ನು ಬಂಧಿಸಿತು. ನಾಲ್ವರೂ ಅಸಿಸ್ಟೆಂಟ್‌ಗಳು. ತಪ್ಪೊಪ್ಪಿಕೊಂಡರು, ಇಬ್ಬರು ಜೈಲಿಗೂ ಹೋದರು. ಒಬ್ಬನೇ ಒಬ್ಬ ಹೆಡ್ ಕೋಚ್ ಮೇಲೂ ಕ್ರಿಮಿನಲ್ ಕೇಸ್ ಬೀಳಲಿಲ್ಲ. ಅಸಿಸ್ಟೆಂಟ್‌ಗಳು ಮುಗ್ಧರು ಅಂತ ನಾನು ಹೇಳುತ್ತಿಲ್ಲ. ಆದರೆ ಆಟಗಾರರ ಮನೆ ಬಾಗಿಲು ತಟ್ಟುವ ಕೆಲಸ ಅವರಿಗೇ ಬಿಟ್ಟಿರುತ್ತಾರೆ, ಕೈ ಕೊಳೆಯಾಗುವುದೂ ಅವರದೇ. ಕಪ್ಪು ವರ್ಣದ ಎಷ್ಟೋ ಅಸಿಸ್ಟೆಂಟ್‌ಗಳಿಗೆ 'ಒಳ್ಳೇ ರಿಕ್ರೂಟರ್', ಅಂದರೆ ಆಟಗಾರರನ್ನು ಹುಡುಕಿ ತರುವವರು ಅನ್ನೋ ಹಣೆಪಟ್ಟಿ ಹಚ್ಚಿ ಅಲ್ಲಿಗೇ ನಿಲ್ಲಿಸುತ್ತಾರೆ ಅನ್ನೋ ದೂರು ಬಹಳ ಹಳೆಯದು.

ಸುಮ್ನೆ ನೋಡ್ತೀನಿ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ರಿಕ್ರೂಟರ್ ಹಣೆಪಟ್ಟಿ ಕಿತ್ತು ಹಾಕಿದವರೂ ಇದ್ದಾರೆ. ಗೊಂಜಾಗಾದಲ್ಲಿ ಟಾಮಿ ಲಾಯ್ಡ್ 20 ವರ್ಷ ಹೊರದೇಶಗಳಿಂದ ಹುಡುಗರನ್ನು ಹುಡುಕಿ ತಂದರು. ಜಪಾನಿನ ರುಯಿ ಹಚಿಮುರಾ ಹಾಗೆ ಬಂದವರೇ. 2021ರಲ್ಲಿ ಅರಿಜೋನಾ ಕರೆಯಿತು. ಮೊದಲ ಸೀಸನ್ನೇ 33–4, ಎಪಿ ಸುದ್ದಿ ಸಂಸ್ಥೆಯ ವರ್ಷದ ಕೋಚ್.

ಬೆಣ್ಣೆದೋಸೆ ಡಂಕ್:
ಈಗಿನ ಹುಡುಗ ಈ ದಾರಿ ಹಿಡೀಬೇಕು ಅಂದರೆ? ನನ್ನ ತಂಗಿ ಮಗ ಅಲ್ಲಿ ಓದುತ್ತಿದ್ದಾನೆ, ಇದೇ ಹುಚ್ಚು.

ಓಹಿಯೋ ಒಗ್ಗರಣೆ:
ಮ್ಯಾನೇಜರ್ ಆಗಲಿ, ವಿಡಿಯೋ ಕಲಿಯಲಿ. 2023ರಿಂದ ಮೂವರ ಬದಲು ಐದು ಅಸಿಸ್ಟೆಂಟ್‌ಗಳಿಗೆ ಅವಕಾಶ ಮಾಡಿದ್ದಾರೆ. ಹೊಸ ಇಬ್ಬರು ಅಭ್ಯಾಸದಲ್ಲಿ ಕಲಿಸಬಹುದು, ಹೊರಗೆ ಹೋಗಿ ಆಟಗಾರರನ್ನು ಹುಡುಕೋ ಹಾಗಿಲ್ಲ ಅನ್ನೋ ಷರತ್ತು ಆಗ ಇತ್ತು. ಇನ್ನೊಂದು ಬಾಗಿಲೂ ತೆರೆದಿದೆ. ಡ್ಯೂಕ್ 2022ರಲ್ಲೇ ನೈಕಿಯಲ್ಲಿದ್ದ ರೇಚಲ್ ಬೇಕರ್ ಅವರನ್ನು ಜನರಲ್ ಮ್ಯಾನೇಜರ್ ಮಾಡಿತು. 2025ರ ಕೋರ್ಟ್ ಒಪ್ಪಂದ ಆದಮೇಲೆ ಮೊದಲ ವರ್ಷ, ಅಂದರೆ 2025–26ಕ್ಕೆ, ಒಂದು ಕಾಲೇಜು 2.05 ಕೋಟಿ ಡಾಲರ್ ತನಕ ಆಟಗಾರರಿಗೆ ಹಂಚಬಹುದಿತ್ತು. ಆ ಲೆಕ್ಕ ನೋಡೋರು ಬೇಕಲ್ಲ. ಎಕ್ಸೆಲ್ ಬರುತ್ತಾ ಅವನಿಗೆ?

ಬೆಣ್ಣೆದೋಸೆ ಡಂಕ್:
ದಾವಣಗೆರೆ ಹುಡುಗ, ಲೆಕ್ಕದಲ್ಲಿ ಪಕ್ಕಾ.

ಎಡಗೈ ಲೇಅಪ್:
ಈ ಚರ್ಚೆ ಪೂರ್ತಿ ಮಗನಿಗೆ ಓದಿ ಹೇಳಿದೆ. ಅವನದು ಒಂದೇ ಪ್ರಶ್ನೆ: "ಗೊಡೆಟ್ ಆಮೇಲೆ ಏನಾದ್ರು?"

ಜಂಪ್‌ಬಾಲ್ ಜಾನು:
ಆ ಸೀಸನ್ ಮುಗಿದ ಮೇಲೆ ಡ್ಯೂಕ್ ಬಿಟ್ಟರು. ಆಮೇಲೆ ಮಹಿಳಾ ತಂಡಗಳಿಗೆ ಕಲಿಸಲು ಹೋದರು. ವ್ಯಾಂಡರ್‌ಬಿಲ್ಟ್, ಆಮೇಲೆ ಓಹಿಯೋ ಸ್ಟೇಟ್. ಮತ್ತೆ ಅಸಿಸ್ಟೆಂಟ್ ಆಗಿಯೇ.

ಎಡಗೈ ಲೇಅಪ್:
ಹೇಳಿದೆ. "ಹಾಗಾದ್ರೆ ಅವರಿಗೆ ಆ ಕೆಲಸ ಇಷ್ಟ ಇತ್ತು" ಅಂದು ಬಾಲ್ ತಗೊಂಡು ಆಡೋಕೆ ಹೋದ.