ಪ್ರತಿ ಚಳಿಗಾಲಕ್ಕೂ ಪೇವರ್ ಮೇಲೇಳುತ್ತಿದೆ, ಏನು ಮಾಡಲಿ?

ಹಿಮದೂರಿನವ (ಮಿನಿಯಾಪೊಲಿಸ್): ಸಾಕಾಗಿ ಹೋಗಿದೆ. ಹಿತ್ತಿಲಿನ ಪ್ಯಾಟಿಯೊದಲ್ಲಿ (ಮನೆಗೆ ತಾಗಿದ ಹೊರಗಿನ ಅಂಗಳ) ಪೇವರ್ (ನೆಲಕ್ಕೆ ಜೋಡಿಸುವ ಕಲ್ಲು) ಹಾಕಿದ್ದೇನೆ. ಜನವರಿ ಬಂತೆಂದರೆ ಒಂದು ಮೂಲೆ 2 ಇಂಚು ಎದ್ದು ನಿಲ್ಲುತ್ತದೆ, ಅಡುಗೆಮನೆ ಬಾಗಿಲು ತೆಗೆಯಲಾಗುವುದಿಲ್ಲ. ಕಿತ್ತು ಮತ್ತೆ ಕೂರಿಸಿದರೂ ಅದೇ ಕಥೆ. ಬೇಸ್ (ಪೇವರ್ ಕೆಳಗಿನ ಪದರ) ಚೆನ್ನಾಗಿಯೇ ಇದೆ. ಎಲ್ಲ ತೆಗೆದು ಕಾಂಕ್ರೀಟ್ ಸುರಿದುಬಿಡಲಾ?

ಸಂದಿಮರಳು: ಸಂದಿಗೆ ಪಾಲಿಮೆರಿಕ್ ಸ್ಯಾಂಡ್ (ನೀರು ತಾಗಿದರೆ ಗಟ್ಟಿಯಾಗುವ ಮರಳು) ಹಾಕಿದ್ದೀರಾ? ಮಾಮೂಲಿ ಮರಳಾದರೆ ಸಂದಿಯಿಂದ ನೀರು ಇಳಿಯುತ್ತದೆ.

ಹಿಮದೂರಿನವ: ಹಾಕಿದ್ದೇನೆ.

ಸಂದಿಮರಳು: ಹಾಗಾದರೆ ಅದು ಸರಿಯಾಗಿ ಗಟ್ಟಿಯಾಗಿಲ್ಲ. ಕೆರೆದು ತೆಗೆದು ಹೊಸದಾಗಿ ತುಂಬಿ.

ಜಲ್ಲಿಕೆಲಸ: ಸಂದಿ ಬಿಡಿ ಸರ್. ಒಂದೇ ಮೂಲೆ ಏಳುತ್ತದೆ ಅಂದರೆ ಅಲ್ಲಿಗೇ ನೀರು ಜಾಸ್ತಿ ಹೋಗುತ್ತಿದೆ. ಬೇಸ್‌ಗೆ ಏನು ಹಾಕಿದ್ದೀರಿ, ಎಷ್ಟು ದಪ್ಪ? ಮಣ್ಣು ಎಂಥದ್ದು? ಸೂರಿನ ಪೈಪ್ ನೀರು ಎಲ್ಲಿ ಬೀಳುತ್ತದೆ?

ಹಿಮದೂರಿನವ: 4 ಇಂಚು ಕಲ್ಲುಪುಡಿ. ಮಣ್ಣು ಹಿಟ್ಟಿನಷ್ಟು ನುಣ್ಣಗಿದೆ. ಪೈಪ್ ಅದೇ ಮೂಲೆಗೆ ಬೀಳುತ್ತದೆ. ಬೇಸಿಗೆಯ ಮಳೆ ನೀರಿಗೂ ಇದಕ್ಕೂ ಏನು ಸಂಬಂಧ?

ಸಂದಿಮರಳು: ಸಂದಿ ಭದ್ರವಾಗಿದ್ದರೆ ಆ ನೀರೂ ಒಳಗೆ ಹೋಗಲ್ಲ ಅಲ್ವಾ?

ಜಲ್ಲಿಕೆಲಸ: ನೀರು ಪಕ್ಕದಿಂದಲೂ ಕೆಳಗಿನಿಂದಲೂ ಬರುತ್ತದೆ. ಹೆಪ್ಪುಗಟ್ಟಿದಾಗ ನೀರು ಸುಮಾರು 9% ಹಿಗ್ಗುತ್ತದೆ ನಿಜ, ಆದರೆ 2 ಇಂಚು ಏಳಲು ಅದೊಂದೇ ಸಾಲದು. ನುಣುಪು ಮಣ್ಣು ಕೆಳಗಿನ ತೇವವನ್ನು ಮೇಲಕ್ಕೆ ಹೀರುತ್ತಲೇ ಇರುತ್ತದೆ, ಐಸ್ ಪದರ ಪದರವಾಗಿ ಬೆಳೆಯುತ್ತದೆ. ಕಲ್ಲುಪುಡಿಯೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾಂಕ್ರೀಟ್ ಸುರಿದರೆ ಇಡೀ ಸ್ಲ್ಯಾಬ್ ಎದ್ದು ಬಿರುಕು ಬಿಡುತ್ತದೆ, ಬೇಡ.

ಮೊದಲು ಪೈಪ್ ನೀರನ್ನು ಪ್ಯಾಟಿಯೊದಿಂದ ಆಚೆ ಸಾಗಿಸಿ. ಆ ಭಾಗ ಅಗೆದು, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಪುಡಿ ಇಲ್ಲದ ಮುಕ್ಕಾಲು ಇಂಚಿನ ಜಲ್ಲಿ 8 ಇಂಚಾದರೂ ಬೇಕು, 4 ಇಂಚಿಗೊಮ್ಮೆ ಕಾಂಪ್ಯಾಕ್ಟರ್ (ಬಡಿದು ಗಟ್ಟಿ ಮಾಡುವ ಯಂತ್ರ) ಓಡಿಸಿ. ಮೇಲೆ 1 ಇಂಚು ಸಣ್ಣ ಕಲ್ಲು ಚಿಪ್ಸ್. ಮರಳು ಹಾಕಬೇಡಿ, ಜಲ್ಲಿಯೊಳಗೆ ಇಳಿದುಹೋಗುತ್ತದೆ. ತಳದಲ್ಲಿ ತೂತಿನ ಪೈಪ್ ಇಟ್ಟು ತಗ್ಗಿನ ಕಡೆಗೆ ಹೊರಬಿಡಲೇಬೇಕು, ಇಲ್ಲದಿದ್ದರೆ ಆ ಗುಂಡಿಯಲ್ಲೇ ನೀರು ನಿಲ್ಲುತ್ತದೆ. ಮನೆಯಿಂದ ಆಚೆಗೆ ಅಡಿಗೆ ಕಾಲು ಇಂಚು ಇಳಿಜಾರು.

ಎಡ್ಮಂಟನ್ ಕನ್ನಡಿಗ: ಐಸ್ ಕರಗಲೆಂದು ಕಲ್ಲುಪ್ಪು ಎರಚುತ್ತೀರಾ? ಅದು ಕಾಂಕ್ರೀಟ್ ಪೇವರ್ ಮೇಲ್ಮೈ ತಿನ್ನುತ್ತದೆ. –10 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರಿಂದ ಪ್ರಯೋಜನವೂ ಕಡಿಮೆ. ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕಿಂತ ಹೆಚ್ಚಿನ ಚಳಿಯಲ್ಲೂ ಐಸ್ ಕರಗಿಸುತ್ತದೆ, ಆದರೆ ಅದೂ ಕಾಂಕ್ರೀಟನ್ನು ತಿನ್ನಬಹುದು.

ಸಂದಿಮರಳು: ಅದು ಹುಲ್ಲಿಗೆ, ನಾಯಿ ಪಾದಕ್ಕೆ ಒಳ್ಳೆಯದಲ್ಲ. ಸುಮ್ನೆ ಮರಳು ಎರಚಿ, ಜಾರುವುದಿಲ್ಲ.

ಎಡ್ಮಂಟನ್ ಕನ್ನಡಿಗ: ನಮ್ಮ ಮನೆಯಲ್ಲಿ ಎರಡೂ ಬೇಡ. ನಡೆದಾರಿಯ ಅಡಿಯಲ್ಲಿ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿ ಬಿಸಿ ಗ್ಲೈಕಾಲ್ (ಸುಲಭಕ್ಕೆ ಹೆಪ್ಪುಗಟ್ಟದ ದ್ರವ) ಹರಿಸುತ್ತೇನೆ. ಹಿಮ ಬಿದ್ದ ಹಾಗೇ ಕರಗುತ್ತದೆ. ಫೋಟೊ ಹಾಕುತ್ತೇನೆ.

ಸಂದಿಮರಳು: ಬಾಯ್ಲರ್ ಯಾವುದು? ತಿಂಗಳಿಗೆ ಗ್ಯಾಸ್ ಬಿಲ್ ಎಷ್ಟು ಬರುತ್ತದೆ?

ಹಿಮದೂರಿನವ: @ಜಲ್ಲಿಕೆಲಸ, ಆ ಮೂಲೆಗೆ ತಾಗಿದ ಮೆಟ್ಟಿಲುಗಳೂ ಅದೇ ಕಲ್ಲುಪುಡಿಯ ಮೇಲೆ ಕೂತಿವೆ. ಅವನ್ನೂ ಕೀಳಬೇಕಾ? ಈಗ ನೆಲ ಕಲ್ಲಿನ ಹಾಗಿದೆ, ಗುದ್ದಲಿ ಇಳಿಯುತ್ತಿಲ್ಲ.